ಮನೆಗಾಡಿಯ ಆಯಿಲ್ ಪ್ರೆಶರ್ ನೋಡುವುದು ಹೇಗೆ?

ನಮ್ಮದು ಹಳೇ ಡೀಸೆಲ್ ವ್ಯಾನು. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿ ಮನೆಗಾಡಿ ಮಾಡಿಕೊಂಡಿದ್ದೇವೆ. ತುಮಕೂರಿನಿಂದ ಹೊರಟು ಮೊದಲ ಸಲ ದೇವರಾಯನದುರ್ಗ ಹತ್ತಿಸಿ ಮೇಲೆ ಇಂಜಿನ್ ಆಫ್ ಮಾಡದೆ ನಿಲ್ಲಿಸಿದಾಗ, ಆಯಿಲ್ ಪ್ರೆಶರ್ ಮುಳ್ಳು 50 ಪಿಎಸ್‌ಐನಿಂದ (ಟೈರ್ ಗಾಳಿ ಅಳೆಯುವ ಮಾನವೇ) ಸರ್ರನೆ 18ಕ್ಕೆ ಇಳಿಯಿತು. ಇಂಜಿನ್ ಕೈಕೊಟ್ಟಿತು ಅಂದುಕೊಂಡೆ. ಏನೂ ಆಗಿರಲಿಲ್ಲ.

ಆಯಿಲ್ ಪಂಪ್ ತಿರುಗುವುದು ಇಂಜಿನ್ ಜೊತೆಗೇ. ಇಂಜಿನ್ ನಿಧಾನವಾದರೆ ಪಂಪೂ ನಿಧಾನ. ಮೇಲಾಗಿ ಬೆಳಗಿನ ಚಳಿಯಲ್ಲಿ ಜೋನಿಬೆಲ್ಲದಂತಿದ್ದ ಆಯಿಲ್, ಘಾಟಿ ಹತ್ತುವಷ್ಟರಲ್ಲಿ ಕಾದ ಬಾಣಲೆಯ ಎಣ್ಣೆಯಂತೆ ತೆಳ್ಳಗಾಗಿರುತ್ತದೆ. ಬೇರಿಂಗ್ ಸಂದುಗಳಿಂದ ಸಲೀಸಾಗಿ ಹರಿದುಹೋಗುತ್ತದೆ, ಪ್ರೆಶರ್ ಇಳಿಯುತ್ತದೆ. ಹಾಗಾಗಿ ಎಷ್ಟಿರಬೇಕು ಅನ್ನುವುದಕ್ಕೆ ಒಂದೇ ಅಂಕಿ ಇಲ್ಲ.

ಮೊದಲು ಆಯಿಲ್ ಮಟ್ಟ ನೋಡಿ. ಸಮತಟ್ಟು ಜಾಗದಲ್ಲಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ನಾನಂತೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದು ನೋಡುತ್ತೇನೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ಒರೆಸಿ, ಮತ್ತೆ ಹಾಕಿ ತೆಗೆದರೆ ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನೂ ದಾಟಿ ಡೀಸೆಲ್ ವಾಸನೆ ಬಂದರೆ ಖುಷಿಪಡಬೇಡಿ, ಆಯಿಲ್‌ಗೆ ಡೀಸೆಲ್ ಸೇರಿದೆ. ಹೊಸ ಮಾಲಿನ್ಯ ನಿಯಮದ ಬಿಎಸ್6 ಗಾಡಿಗಳನ್ನು ಬರೀ ಊರೊಳಗೇ ಓಡಿಸಿದರೆ ಹೀಗಾಗುವುದುಂಟು.

ಆಮೇಲೆ ಕೀ ತಿರುಗಿಸಿ. ಕೆಂಪು ಆಯಿಲ್ ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬೋ ವೈರೋ ಹೋಗಿದೆ, ಅಂದರೆ ನಿಜವಾಗಿ ತೊಂದರೆ ಬಂದಾಗಲೂ ಅದು ಹತ್ತುವುದಿಲ್ಲ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಲ್ಲಿ ಆರಬೇಕು.

ತಣ್ಣಗಿರುವಾಗ ಮುಳ್ಳು 60-80 ಪಿಎಸ್‌ಐ ತೋರಿಸಿದರೂ ಸರಿಯೇ. ಆಗ ಸುಮ್ನೆ ರೇಸ್ ಕೊಡಬೇಡಿ. ಹೈವೇಯಲ್ಲಿ 20-30 ಕಿಲೋಮೀಟರ್ ಓಡಿಸಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮತ್ತೆ ನೋಡಿ. 2000 ಆರ್‌ಪಿಎಂ ಆಸುಪಾಸಿನಲ್ಲಿ 40-60, ನಿಲ್ಲಿಸಿ, ಆಕ್ಸಿಲರೇಟರ್ ಒತ್ತದೆ ಸ್ಲೋನಲ್ಲಿ ಬಿಟ್ಟಾಗ 10-25 ಇರುವುದು ಸಾಮಾನ್ಯ. ಮೀಟರ್ ಬಾರ್‌ನಲ್ಲಿದ್ದರೆ 1 ಬಾರ್ ಅಂದರೆ 14.5 ಪಿಎಸ್‌ಐ. ಕೊನೆ ಮಾತು ಮಾತ್ರ ಗಾಡಿ ಜೊತೆ ಬಂದ ಪುಸ್ತಕದ್ದೇ.

ಓಡುವಾಗ ಕೆಂಪು ದೀಪ ಹತ್ತಿದರೆ ಮುಂದಿನ ಬಂಕ್‌ವರೆಗೆ ಹೋಗೋಣ ಅನ್ನಬೇಡಿ. ಪಕ್ಕಕ್ಕೆ ಹಾಕಿ ಆಗಿಂದಾಗಲೇ ಆಫ್ ಮಾಡಿ. ಆಯಿಲ್ ಇಲ್ಲದ ಬೇರಿಂಗ್ ಒಂದೆರಡು ನಿಮಿಷ ಉಜ್ಜಿದರೂ ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ಮುಖ್ಯ ದಂಡ) ಹಾಳಾಗಬಹುದು. ಅದರ ಮುಂದೆ ಟೋಯಿಂಗ್ ಖರ್ಚು ಏನೇನೂ ಅಲ್ಲ.

ಒಮ್ಮೆ ನಮ್ಮ ಮುಳ್ಳು ಸೊನ್ನೆಗೆ ಬಿತ್ತು. ದೀಪ ಹತ್ತಲಿಲ್ಲ, ಇಂಜಿನ್ ಸದ್ದೂ ಬದಲಾಗಿರಲಿಲ್ಲ. ಆದರೂ ಆಫ್ ಮಾಡಿದೆ. ಮೆಕ್ಯಾನಿಕ್ ಬಂದು ಸೆಂಡರ್ (ಪ್ರೆಶರ್ ಅಳೆದು ಮುಳ್ಳಿಗೆ ತಿಳಿಸುವ ಬಿಡಿಭಾಗ) ಬಿಚ್ಚಿ, ಅದೇ ತೂತಿಗೆ ಕೈ ಗೇಜ್ ತಿರುಪಿ ಸ್ಟಾರ್ಟ್ ಮಾಡಿಸಿದರು. ಮತ್ತದೇ 18. ಕೆಟ್ಟಿದ್ದು ಹೆಬ್ಬೆರಳು ಗಾತ್ರದ ಸೆಂಡರ್ ಅಷ್ಟೇ. ಕೈ ಗೇಜೂ ಕಡಿಮೆ ತೋರಿಸಿದ್ದರೆ ಮೊದಲು ಆಯಿಲ್, ಫಿಲ್ಟರ್, ನಂತರ ಚೇಂಬರ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಒಳಗಿನ ಜಾಲರಿ, ಪಂಪ್ ನೋಡಿಸಬೇಕಿತ್ತು. ಬೇರಿಂಗ್ ಸರದಿ ಕೊನೆಗೆ. ಕೆಲವರು ನೇರ ಇಂಜಿನ್ ಇಳಿಸೋಣ ಅಂತಾರೆ. ಗೇಜ್ ಹಾಕದೆ ಒಪ್ಪಬೇಡಿ.

ಆಯಿಲ್ ಬದಲಿಸಿದಾಗಲೆಲ್ಲ ಬಿಸಿ ಇಂಜಿನ್ನಿನ ಎರಡು ಅಂಕಿ ಬರೆದಿಡುತ್ತೇನೆ. 18 ಇದ್ದದ್ದು 11ಕ್ಕೆ ಬಂದರೆ ಸಾಮಾನ್ಯ ಲೆಕ್ಕದೊಳಗೇ ಇದ್ದರೂ ಗ್ಯಾರೇಜಿಗೆ ಹೋಗುವೆ. ಸ್ಟೇರಿಂಗ್ ಪಕ್ಕ ಚೀಟಿ ಅಂಟಿಸಿದ್ದೇನೆ: ಸ್ಲೋ 18, ರೋಡಲ್ಲಿ 50. ಮಗನೂ ಓಡಿಸುತ್ತಾನಲ್ವಾ.