ಶಾಸನದ ಅಕ್ಷರ ಕೈಗೆ ಹತ್ತಿದ ಬಗೆ

ಹಳೆಯ ಕನ್ನಡ ಲಿಪಿ ಕಲಿಯಲು ಹೊರಟವರಿಗೆ ಮೊದಲು ಸಿಗುವುದು ಒಂದು ತಖ್ತೆ. ಎಡಕ್ಕೆ ಅಶೋಕನ ಬ್ರಾಹ್ಮಿ, ಬಲಕ್ಕೆ ಇಂದಿನ ಕನ್ನಡ, ನಡುವೆ ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ. ಓದಲು ಕಲಿಯುವುದಕ್ಕೆ ಅದು ಸಾಕು. ಬರೆಯಲು ಕಲಿಯುವುದಕ್ಕೆ ದಂಡ. ಗೆರೆಯ ದಪ್ಪ ಎಲ್ಲಾ ಕಡೆ ಒಂದೇ, ಅಕ್ಷರಗಳೆಲ್ಲ ಒಂಟಿ. ಬರೆದವನ ಕೈ ಎಲ್ಲಿಂದ ಹೊರಟು ಎಲ್ಲಿ ತಿರುಗಿತು ಅನ್ನುವುದೇ ತಿಳಿಯುವುದಿಲ್ಲ.

ಹಾಗಾಗಿ ನಾನು ತಖ್ತೆ ಬದಿಗಿಟ್ಟು ಒಂದೇ ಶಾಸನ ಹಿಡಿದೆ: ಇಟಗಿಯ ಮಹಾದೇವ ದೇವಾಲಯದ್ದು, 1112ರ ಕಾಲದ್ದು. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಆ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ್ದು ಇದೇ ಶಾಸನ. ಐದನೇ ಶತಮಾನದ ಹಲ್ಮಿಡಿ ಶಾಸನದಿಂದಲೇ ಶುರುಮಾಡಬೇಕು ಎಂದು ಹಟ ಹಿಡಿಯುವವರಿದ್ದಾರೆ. ನನ್ನ ಸಲಹೆ ಉಲ್ಟಾ. ಹನ್ನೆರಡನೇ ಶತಮಾನದ ದುಂಡಗಿನ ಅಕ್ಷರ ಅರ್ಧಕ್ಕರ್ಧ ನಮಗೆ ಗುರುತಿದ್ದದ್ದೇ, ಅಲ್ಲಿಂದ ಹಿಂದಕ್ಕೆ ನಡೆಯುವುದು ಸುಲಭ. ಚೆಂದವೂ ಅದೇ ಹೆಚ್ಚು. ಹೊಯ್ಸಳರ ಕಡೆಯವರು ಬೇಕಾದರೆ ಜಗಳಕ್ಕೆ ಬರಲಿ.

ಮಧ್ಯಾಹ್ನದ ಬಿಸಿಲಲ್ಲಿ ಶಾಸನದ ಫೋಟೊ ತೆಗೆದರೆ ಏನೂ ಕಾಣದು. ಬೆಳಗ್ಗೆ ಇಲ್ಲವೇ ಸಂಜೆ, ಬೆಳಕು ಕಲ್ಲಿನ ಮೇಲೆ ಅಡ್ಡಡ್ಡ ಬೀಳುವಾಗ ತೆಗೆಯಬೇಕು; ಟಾರ್ಚನ್ನು ಪಕ್ಕದಿಂದ ಹಿಡಿದರೂ ಆಗುತ್ತದೆ. ಇದಕ್ಕಿಂತ ಒಳ್ಳೆಯದು ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ ಮಸಿ ಒತ್ತಿದರೆ ಕಲ್ಲು ಕಪ್ಪಾಗಿ, ಅಕ್ಷರ ಬಿಳಿಯಾಗಿ ಬರುತ್ತದೆ. ಅನುಮತಿ ಇಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ಶಾಸನ ಸಂಪುಟಗಳಲ್ಲೇ ಒಳ್ಳೊಳ್ಳೆಯ ಪಡಿಯಚ್ಚುಗಳ ಚಿತ್ರಗಳಿವೆ.

ಟ್ರೇಸಿಂಗ್ ಕಾಗದ ಇಟ್ಟು ಅಕ್ಷರದ ಅಂಚನ್ನು ತಿದ್ದುವುದಿಲ್ಲ, ನಡುಗೆರೆಯನ್ನಷ್ಟೇ ಎಳೆಯುತ್ತೇನೆ. ಕಾರಣವಿದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೇ ಬೇರೆ, ಕಂಡರಿಸಿದ ರೂವಾರಿಯ ಹೆಸರೇ ಬೇರೆ. ಅಂಚು ಉಳಿಯ ಕೆಲಸ. ನನಗೆ ಬೇಕಾದದ್ದು ಅದರಡಿಯ ಲಿಪಿಕಾರನ ಕೈ. ನಡುಗೆರೆ ಸಿಕ್ಕಮೇಲೆ ಅದರ ಮೇಲೆ ಚಪ್ಪಟೆ ಮೂತಿಯ ಬಿದಿರು ಕಡ್ಡಿಯಿಂದ ಬರೆಯುವುದು, ಮೊದಲು ನಿಧಾನಕ್ಕೆ, ಆಮೇಲೆ ವೇಗವಾಗಿ.

ಈ ವೇಗವೇ ನನಗೆ ಹೆಚ್ಚು ಕಲಿಸಿದ್ದು. ಹಲ್ಮಿಡಿ ಕಾಲದ ‘ರ’ ಒಂದು ನೆಟ್ಟನೆಯ ಗೆರೆ. ಕೆಳಗೆ ಎಡಕ್ಕೆ ತಿರುಗಿ ಗಾಳದ ಕೊಕ್ಕೆಯ ಹಾಗೆ ತುಸು ಮೇಲೇಳುತ್ತದೆ. ಅದನ್ನೇ ಕೈ ಎತ್ತದೆ ಬಿರುಸಾಗಿ ಬರೆಯುತ್ತಾ ಹೋದರೆ ಕೊಕ್ಕೆ ತಾನಾಗಿ ಉದ್ದವಾಗಿ ಮೇಲೇರುತ್ತದೆ. ತಲೆಕಟ್ಟಿಗೆ ತಾಗಿತೆಂದರೆ ಮುಗಿಯಿತು, ಇಂದಿನ ದುಂಡು ‘ರ’ ಸಿದ್ಧ. ಶಾಸನಗಳಲ್ಲೂ ಶತಮಾನಗಳ ಉದ್ದಕ್ಕೆ ಆಗಿರುವುದು ಇದೇ. ‘ಕ’ ಕೂಡ ಹೀಗೇ: ಮೊದಲು ಬರೀ ಕೂಡಿಸುವ ಗುರುತು (+), ಆಮೇಲೆ ಕಾಂಡದ ಬುಡ ಎಡಕ್ಕೆ ಬಾಗಿ ಮೇಲೆ ಬಂದು ಅಡ್ಡಗೆರೆಯನ್ನು ಸೇರಿಕೊಂಡಿತು.

ತಾಳಗುಂದದ ಕಂಬದ ಮೇಲಿನ ಕದಂಬ ಶಾಸನದ್ದು ಬೇರೆಯೇ ಜಾತಿ. ಐದನೇ ಶತಮಾನದ ಆ ಸಂಸ್ಕೃತ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಕವಿ ಕುಬ್ಜ ಹೇಳಿಕೊಂಡಿದ್ದಾನೆ. ಪ್ರತಿ ಅಕ್ಷರದ ನೆತ್ತಿಯ ಮೇಲೂ ಪುಟ್ಟ ಪೆಟ್ಟಿಗೆ. ಅದಕ್ಕೆ ನಾನು ಕಡ್ಡಿ ಬಿಟ್ಟು ಚಪ್ಪಟೆ ಬ್ರಷ್ ಹಿಡಿಯುತ್ತೇನೆ: ಮೂತಿಯನ್ನು ಸಮವಾಗಿ ಒತ್ತಿದರೆ ಪೆಟ್ಟಿಗೆ, ಅಲ್ಲಿಂದ ಬ್ರಷ್ ತಿರುಗಿಸಿ ಅಂಚಿನಲ್ಲಿ ಇಳಿಸಿದರೆ ಕಾಂಡ.

ಈಗ ಮದುವೆ ಪತ್ರಿಕೆಗೆ ಶಾಸನದ ಅಕ್ಷರ ಕೇಳಿಕೊಂಡು ಬರುವವರಿದ್ದಾರೆ. ತಕರಾರು ಬರುವುದು ಕಾಗುಣಿತದಲ್ಲಿ. ಶಾಸನಗಳಲ್ಲಿ ಎಕಾರ ಏಕಾರಕ್ಕೆ ಗುರುತು ಒಂದೇ, ಒಕಾರ ಓಕಾರಕ್ಕೂ ಅಷ್ಟೇ. ‘ಧರ್ಮ’ವನ್ನು ‘ಧರ್ಮ್ಮ’ ಎಂದು ಬರೆಯುತ್ತಿದ್ದರು. “ಲೋಕೇಶನ ದೀರ್ಘ ಎಲ್ಲಿ ಸಾರ್?” ಎಂದು ಹುಡುಗಿಯ ತಂದೆ ಕೇಳಿದರೆ ಏನು ಹೇಳುವುದು? ಪತ್ರಿಕೆಗಾದರೆ ದೀರ್ಘ ಹಾಕಿಕೊಡುತ್ತೇನೆ. ಗೋಡೆಗೆ ತೂಗುಹಾಕಲು ಬರೆಸುವವರಿಗೆ ಹಾಕುವುದಿಲ್ಲ, ಮುಂಗಡ ತೆಗೆದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ.