ಸಮತೋಲನದಲ್ಲಿ ಉಳಿಯುವ ಸಾರತೆಗಳನ್ನು ಲೆಕ್ಕ ಹಾಕುವ ಬಗೆ

ಹೈಡ್ರೋಜನ್ ಮತ್ತು ಅಯೋಡಿನ್ ಅನಿಲಗಳು ಕೂಡಿ ಹೈಡ್ರೋಜನ್ ಅಯೋಡೈಡ್ ಆಗುವ ಪರಾವರ್ತ್ಯ (ಎರಡೂ ದಿಕ್ಕಿಗೆ ನಡೆಯುವ) ಕ್ರಿಯೆಯ ಸಮತೋಲನ ಸ್ಥಿರಾಂಕವು (ಎರಡೂ ದಿಕ್ಕಿನ ವೇಗ ಸಮವಾದಾಗ ವಸ್ತುಗಳ ಸಾರತೆಗಳ, ಅಂದರೆ ಪ್ರತಿ ಲೀಟರಿಗೆ ಇರುವ ಮೋಲ್‌ಗಳ, ನಡುವಿನ ನಿಗದಿತ ಅನುಪಾತ) 430 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 54 ಇರುತ್ತದೆ. 1 ಲೀಟರಿನ ಮುಚ್ಚಿದ ಪಾತ್ರೆಯಲ್ಲಿ ಎರಡನ್ನೂ ತಲಾ 1 ಮೋಲ್ ತೆಗೆದುಕೊಂಡರೆ ಕೊನೆಗೆ ಉಳಿಯುವುದೆಷ್ಟು ಎಂದು ತಿಳಿಯಲು, ಮೊದಲು ಸಮೀಕರಣವನ್ನು ಸರಿದೂಗಿಸಿ (H₂ + I₂ ⇌ 2HI), ವ್ಯಯವಾದ ಹೈಡ್ರೋಜನ್ನಿನ ಪ್ರಮಾಣವನ್ನು ‘ಕ್ಷ’ ಎಂದಿಟ್ಟುಕೊಳ್ಳಬೇಕು. ಆಗ ಉಳಿದ ಪ್ರತಿಯೊಂದು ಪ್ರತಿವರ್ತಕವೂ (ಕೂಡುವ ವಸ್ತುವೂ) 1 − ಕ್ಷ, ಉತ್ಪನ್ನವು 2ಕ್ಷ ಆಗುತ್ತದೆ; ಪಾತ್ರೆ 1 ಲೀಟರಿನದಾದ್ದರಿಂದ ಇವೇ ಸಾರತೆಗಳೂ ಹೌದು. ಉತ್ಪನ್ನದ ಸಾರತೆಯ ವರ್ಗವನ್ನು ಪ್ರತಿವರ್ತಕಗಳ ಸಾರತೆಗಳ ಗುಣಲಬ್ಧದಿಂದ ಭಾಗಿಸಿ, ಅದನ್ನು 54ಕ್ಕೆ ಸಮೀಕರಿಸಿರಿ. ಎಡಬದಿಯು ಪೂರ್ಣವರ್ಗವಾಗಿರುವುದರಿಂದ ವರ್ಗಮೂಲ ತೆಗೆದರೆ ಸಾಕು (ಆರಂಭದ ಪ್ರಮಾಣಗಳು ಸಮವಾಗಿಲ್ಲದಿದ್ದರೆ ಈ ಸುಲಭದಾರಿ ಸಿಗದು, ವರ್ಗಸಮೀಕರಣವನ್ನೇ ಬಿಡಿಸಬೇಕು). ಕ್ಷ 0.786 ಬರುತ್ತದೆ, ಹೈಡ್ರೋಜನ್ ಮತ್ತು ಅಯೋಡಿನ್ ತಲಾ 0.214, ಹೈಡ್ರೋಜನ್ ಅಯೋಡೈಡ್ 1.572 ಮೋಲ್. ಈ ಬೆಲೆಗಳನ್ನು ಮತ್ತೆ ಸೂತ್ರದಲ್ಲಿ ಹಾಕಿ 54 ಬರುವುದೇ ಎಂದು ತಪ್ಪದೆ ತಾಳೆ ನೋಡಿರಿ. ವೇಗವರ್ಧಕವನ್ನು ಸೇರಿಸಿದರೂ ಉತ್ತರ ಬದಲಾಗುವುದಿಲ್ಲ, ಸಮತೋಲನ ಬೇಗ ಬರುತ್ತದೆ ಅಷ್ಟೆ. ಆದರೆ ಉಷ್ಣತೆ ಬದಲಾದರೆ ಸ್ಥಿರಾಂಕದ ಹೊಸ ಬೆಲೆಯನ್ನೇ ಬಳಸಬೇಕು.