ಅಪ್ಪನ ಕೂಗು ಪೆಟ್ಟಿಗೆಯೊಳಗೆ: ಗಿಳಿ, ನೀರುಕಾಗೆ ಓಡಿಸಿದ ನನ್ನ ಅನುಭವ

ಚಳ್ಳಕೆರೆ ಸೀಮೆಯಲ್ಲಿ ನಮ್ಮದು ಎರಡು ಎಕರೆ ಸೂರ್ಯಕಾಂತಿ, ಪಕ್ಕದಲ್ಲೇ 21 ಮೀಟರ್ ಚೌಕದ ಕೃಷಿಹೊಂಡ. ಹೊಂಡದಲ್ಲಿ ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟಿದ್ದೇವೆ. ಹೊಲಕ್ಕೆ ಗಿಳಿ ಕಾಟ, ಹೊಂಡಕ್ಕೆ ನೀರುಕಾಗೆ ಕಾಟ. ಮೊದಲೆಲ್ಲ ಅಪ್ಪ ಅಟ್ಟಣೆ ಹತ್ತಿ ಕವಣೆ ಬೀಸಿ ಕಾಯುತ್ತಿದ್ದರು. ಮೂರು ವರ್ಷದ ಹಿಂದೆ ಅವರ ಮೊಣಕಾಲು ನೋವು ಜಾಸ್ತಿಯಾಗಿ ಅಟ್ಟಣೆ ಹತ್ತುವುದು ನಿಂತಿತು. ಕಾಳು ಹಾಲುಗಟ್ಟಿದಾಗಿನಿಂದ ಕೊಯ್ಲಿನವರೆಗೆ ಇಪ್ಪತ್ತೈದು, ಮೂವತ್ತು ದಿನ ನಸುಕಿಗೇ ಬಂದು ಹಕ್ಕಿ ಕಾಯುವ ಆಳು ಈಗ ಸಿಗುವುದಿಲ್ಲ. ನಾನು ಮೋಟಾರ್ ರಿವೈಂಡಿಂಗ್ ಕೆಲಸದವನು. ಏನಾದರೂ ಯಂತ್ರ ಮಾಡೋಣ ಎಂದು ಕೂತೆ.

ಗುಜರಿಯಿಂದ ತಂದ ಲಾರಿ ವೈಪರ್ ಮೋಟಾರಿಗೆ ಸೈಕಲ್ ಚೈನ್ ತುಂಡು ಕಟ್ಟಿ, ಚೈನ್ ತುದಿಯ ಬೋಲ್ಟು ಸ್ಟೀಲ್ ತಟ್ಟೆಗೆ ಬಡಿಯುವ ಹಾಗೆ ಮಾಡಿದೆ. ಹಳೇ ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಮೂರು ದಿನ ಒಂದು ಗಿಳಿಯೂ ಇಳಿಯಲಿಲ್ಲ. ನಾಲ್ಕನೇ ದಿನ ಬದುವಿನ ಬೇವಿನ ಮರದಲ್ಲಿ ಕೂತು ನೋಡಿದವು. ವಾರ ತುಂಬುವುದರೊಳಗೆ ತಟ್ಟೆಯಿಂದ ಇಪ್ಪತ್ತಡಿ ದೂರದ ಹೂವಿನ ಮೇಲೆ ತಲೆಕೆಳಗಾಗಿ ಜೋತು ಬಿದ್ದು ಕಾಳು ಬಿಡಿಸುತ್ತಿದ್ದವು. ಗಿಳಿ ತಿನ್ನುವುದಕ್ಕಿಂತ ಕತ್ತರಿಸಿ ಕೆಳಗೆ ಚೆಲ್ಲುವುದೇ ಹೆಚ್ಚು, ಹಾಗಾಗಿ ನಾಲ್ಕು ಗಿಳಿ ಬಂದರೂ ಸಾಲು ಬರಿದಾಗುತ್ತದೆ. ಒಂದೇ ಜಾಗದಲ್ಲಿ ಒಂದೇ ಸದ್ದು ಎಡೆಬಿಡದೆ ಆಗುತ್ತಿದ್ದರೆ ಅದರಿಂದ ತಮಗೇನೂ ಆಗುವುದಿಲ್ಲ ಎಂದು ಅವು ಬೇಗ ಕಲಿಯುತ್ತವೆ.

ಆಮೇಲೆ ಅಲ್ಟ್ರಾಸಾನಿಕ್ ಯಂತ್ರವೊಂದನ್ನು ದುಡ್ಡು ಕೊಟ್ಟು ತರಿಸಿದೆ. ಮನುಷ್ಯರಿಗೆ ಕೇಳಿಸದ, ಹಕ್ಕಿಗೆ ಮಾತ್ರ ಕೇಳಿಸುವ ಸದ್ದು ಎಂದು ಅದರ ಮೇಲೆ ಬರೆದಿತ್ತು. ಅಲ್ಟ್ರಾಸಾನಿಕ್ ಎಂದರೆ 20,000 ಹರ್ಟ್ಜ್‌ಗಿಂತ ಮೇಲಿನ ಸದ್ದು. ಹೆಚ್ಚಿನ ಹಕ್ಕಿಗಳ ಕಿವಿ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ, ಅವುಗಳ ಮಿತಿ ನಮಗಿಂತಲೂ ಕಡಿಮೆ. ಇದು ಗೊತ್ತಾಗಿದ್ದು ದುಡ್ಡು ಹೋದ ಮೇಲೆ. ಹಕ್ಕಿಗೆಂದು ಇದನ್ನು ಯಾರೂ ಕೊಳ್ಳಬೇಡಿ.

ಈಗಿರುವ ಪೆಟ್ಟಿಗೆ ಮಾಡಲು ಎರಡು ಹಂಗಾಮು ಹಿಡಿಯಿತು. ಒಳಗೆ ನಾವು ಬರೆದುಕೊಟ್ಟ ಆದೇಶದಂತೆ ನಡೆಯುವ ಪುಟ್ಟ ಕಂಪ್ಯೂಟರಿನಂಥ ಒಂದು ಆರ್ಡ್ಯುನೊ ಬೋರ್ಡು, ಮೆಮೊರಿ ಕಾರ್ಡಿನಿಂದ ಹಾಡುವ ಚಿಕ್ಕ ಎಂಪಿ3 ಮಾಡ್ಯೂಲು, ಆಂಪ್ಲಿಫೈಯರು, 12 ವೋಲ್ಟ್ ಬ್ಯಾಟರಿ. ಹೊರಗೆ ಹಾರ್ನ್ ಸ್ಪೀಕರು, 20 ವ್ಯಾಟಿನ ಸೌರಫಲಕ, ಬೆಳಕು ಗುರುತಿಸುವ ಸೆನ್ಸರು. ಕತ್ತಲಾದರೆ ತಾನೇ ಆರುತ್ತದೆ, ಬೆಳಗಾದರೆ ಹೊತ್ತಿಕೊಳ್ಳುತ್ತದೆ. ಕಾರ್ಡಿನಲ್ಲಿ ಹನ್ನೊಂದು ಸದ್ದು ಹಾಕಿದೆ: ಆಪತ್ತಿನಲ್ಲಿ ಗಿಳಿ ಕಿರುಚುವ ಸದ್ದು, ಡಬ್ಬ ಬಡಿತ, ತಮಟೆ, ಅದರ ಜೊತೆಗೆ ಅಪ್ಪ ಅಟ್ಟಣೆಯಿಂದ ಹಾಕುತ್ತಿದ್ದ ‘ಹೋ… ಹೊಯ್’ ಕೂಗು. ಅದನ್ನು ಅಪ್ಪನನ್ನೇ ಅಂಗಳದಲ್ಲಿ ನಿಲ್ಲಿಸಿ ಫೋನಿನಲ್ಲಿ ಹಿಡಿದೆ. ಯಾವ ಸದ್ದು ಯಾವಾಗ ಬರುತ್ತದೆಂದು ಗಿಳಿಗೆ ಮೊದಲೇ ಗೊತ್ತಾಗಬಾರದು. ಅದಕ್ಕೆ ಹನ್ನೊಂದರಲ್ಲಿ ಯಾವ ಸದ್ದಾದರೂ, ಮೂರು ನಿಮಿಷದಿಂದ ಹದಿನೈದು ನಿಮಿಷದೊಳಗೆ ಎಷ್ಟಾದರೂ ಬಿಡುವು ಬರುವಂತೆ, ಗೊತ್ತುಗುರಿಯಿಲ್ಲದೆ ಅಂಕಿ ಆರಿಸುವ ರ‍್ಯಾಂಡಮ್ ಲೆಕ್ಕ ಬರೆದೆ.

ಮೊದಲ ವಾರ ಚೆನ್ನಾಗಿ ನಡೆಯಿತು, ಎರಡನೇ ವಾರ ಗಿಳಿ ಮತ್ತೆ ಬಂದವು. ಬೋರ್ಡು, ವೈರು ಎಲ್ಲ ನೋಡಿದರೂ ತಪ್ಪು ಸಿಗಲಿಲ್ಲ. ಬೆಳಿಗ್ಗೆ ಕಳೆ ಕೀಳುತ್ತಿದ್ದ ಅವ್ವ ಹೇಳಿದ್ದು ಇಷ್ಟೇ: ‘ಲೇ ತಮ್ಮಾ, ಇದು ದಿನಾ ಮೊದ್ಲು ಡಬ್ಬ ಬಡೀತದೆ, ಆಮೇಲೆ ತಮಟೆ, ಆಮೇಲೆ ನಿಮ್ಮಪ್ಪ ಕೂಗ್ತಾನೆ. ಒಂದಿನಾನೂ ತಪ್ಪಿಲ್ಲ.’ ನೋಡಿದರೆ ನಿಜ. ಆರ್ಡ್ಯುನೊದ ರ‍್ಯಾಂಡಮ್ ಸಂಖ್ಯೆಗಳು ಬೋರ್ಡು ಪ್ರತಿಸಲ ಆರಿ ಹೊತ್ತಿಕೊಂಡಾಗಲೂ ಅದೇ ಸಾಲಿನಲ್ಲಿ ಬರುತ್ತವೆ. ನನ್ನ ಪೆಟ್ಟಿಗೆಯೋ ದಿನಾ ರಾತ್ರಿ ಆರುತ್ತಿತ್ತು. ಬೋರ್ಡಿನಲ್ಲಿ ವೋಲ್ಟೇಜು ಅಳೆಯುವ, ಏನೂ ಜೋಡಿಸದ ಅನಲಾಗ್ ಪಿನ್ನಿನಲ್ಲಿ ಏರಿಳಿಯುವ ಅಂಕಿಯನ್ನು, ಸಾಲು ಎಲ್ಲಿಂದ ಶುರುವಾಗಬೇಕೆಂದು ಹೇಳುವ ಬೀಜಸಂಖ್ಯೆಯಾಗಿ ಕೊಟ್ಟರೆ ಸಾಲು ಬದಲಾಗುತ್ತದೆ. ಅದನ್ನೂ ಪೂರ್ತಿ ನಂಬಲಿಕ್ಕಾಗದು. ಹಾಗಾಗಿ ಎಷ್ಟನೇ ದಿನ ಎಂಬ ಎಣಿಕೆಯನ್ನು ಬೋರ್ಡಿನ ಚಿಪ್ಪಿನಲ್ಲಿ ಆರಿದರೂ ಅಳಿಯದ ಕಾಯಂ ನೆನಪಿನಲ್ಲಿ ಇಟ್ಟು, ಅದನ್ನೂ ಜೊತೆಗೆ ಕೂಡಿಸುತ್ತೇನೆ. ನಾಲ್ಕು ಸಾಲಿನ ತಿದ್ದುಪಡಿ. ಅವ್ವ ಹೇಳದಿದ್ದರೆ ಆ ಹಂಗಾಮಿಡೀ ನಾನು ಸ್ಪೀಕರು ಬದಲಿಸುತ್ತಲೇ ಇರುತ್ತಿದ್ದೆ.

ಹಕ್ಕಿ ಬಂದಾಗ ಮಾತ್ರ ಕೂಗಲಿ ಎಂದು ಮೈಶಾಖದ ಚಲನೆ ಗುರುತಿಸುವ ಪಿಐಆರ್ ಸೆನ್ಸರನ್ನೂ ಹಾಕಿ ನೋಡಿದೆ. ಅದು ಏಳು ಮೀಟರಿನಾಚೆ ಗುರುತಿಸುವುದಿಲ್ಲ, ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೂ ಹಕ್ಕಿ ಬಂತೆಂದು ಕೂಗಿಸುತ್ತದೆ. ಅದನ್ನು ಕಿತ್ತು ಹೊತ್ತು ಕಟ್ಟಿದೆ: ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ ಆರೂವರೆ. ಗಿಳಿ ಬರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ನಡುಹಗಲಲ್ಲಿ ಸುಮ್ಮನೆ ಕೂಗಿಸಿದರೆ ಬೇಗ ಅಭ್ಯಾಸವಾಗುತ್ತದೆ ಅಷ್ಟೇ. ಕಾಳು ಹಾಲುಗಟ್ಟುವ ಮೊದಲು ಪೆಟ್ಟಿಗೆಯನ್ನು ಹೊಲಕ್ಕೆ ಒಯ್ಯುವುದೇ ಇಲ್ಲ.

ಸದ್ದಿನ ಜೊತೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ ಬಣ್ಣದ ಮಿಂಚುವ ರಿಬ್ಬನ್ನನ್ನು ಗೂಟದಿಂದ ಗೂಟಕ್ಕೆ ಹೂವಿಗಿಂತ ಸ್ವಲ್ಪ ಮೇಲೆ, ನಾಲ್ಕು ಸುತ್ತು ತಿರುಚಿ, ಸಡಿಲವಾಗಿ ಕಟ್ಟುತ್ತೇವೆ. ಗಾಳಿಗೆ ಮಿಂಚುತ್ತದೆ, ಗುಂಯ್‌ಗುಟ್ಟುತ್ತದೆ. ಗಾಳಿ ನಿಂತ ಮುಂಜಾನೆ ಅದರಿಂದ ಪ್ರಯೋಜನ ಕಡಿಮೆ. ಬೇವಿನ ಮರದ ಕಡೆಯ ಸಾಲುಗಳಿಗೇ ಹೆಚ್ಚು ಏಟು ಬೀಳುವುದರಿಂದ ಅಲ್ಲಿ ದಟ್ಟವಾಗಿ ಕಟ್ಟಿ, ಉಳಿದ ಕಡೆ ತೆಳುವಾಗಿ ಬಿಡುತ್ತೇವೆ.

ಹೊಂಡಕ್ಕೆ ಪೆಟ್ಟಿಗೆ ಅಷ್ಟು ಉಪಯೋಗಕ್ಕೆ ಬರಲಿಲ್ಲ. ಸದ್ದಾದರೆ ನೀರುಕಾಗೆ ಮುಳುಗಿ ಬೇರೆ ಮೂಲೆಯಲ್ಲಿ ಏಳುತ್ತದೆ. ಅದು ಬಂದಿಳಿಯುವುದನ್ನು ದಿನಗಟ್ಟಲೆ ನೋಡಿದ ಮೇಲೆ ದಾರಿ ಹೊಳೆಯಿತು. ಇಳಿಯುವಾಗ ಓರೆಯಾಗಿ ಜಾರಿಕೊಂಡು ಬರುತ್ತದೆ, ಏಳುವಾಗ ನೀರಿನ ಮೇಲೆ ಓಡಿ ಓಡಿ ಹಾರುತ್ತದೆ. ಎರಡಕ್ಕೂ ಉದ್ದ ಜಾಗ ಬೇಕು. ಆ ಜಾಗವನ್ನೇ ತಪ್ಪಿಸಲು ಎರಡಡಿಗೊಂದರಂತೆ ಬಿಳಿ ನೈಲಾನ್ ಹಗ್ಗ ಎಳೆದೆ, ಸುಮಾರು 750 ಮೀಟರ್ ಬೇಕಾಯಿತು. ನಡುವೆ ಜೋಲದಂತೆ ಅಡ್ಡಲಾಗಿ ಒಂದು ಜಿಐ ತಂತಿ ಬಿಗಿದು ಅದರ ಮೇಲೆ ಹಾಯಿಸಿದೆ. ಸಣ್ಣ ಕಣ್ಣಿನ ಬಲೆ ಹೊದಿಸಲು ಕೆಲವರು ಹೇಳಿದರು. ಪಕ್ಕದ ಹೊಂಡದ ಬಲೆಯಲ್ಲಿ ಬಕವೊಂದು ಸಿಕ್ಕಿ ರೆಕ್ಕೆ ಮುರಿದುಕೊಂಡಿದ್ದನ್ನು ಬಿಡಿಸಿದ ಕೈ ನನ್ನದು, ನನಗೆ ಅದು ಬೇಡ. ಹಕ್ಕಿಗೆ ಕಾಣುವ ದಪ್ಪ ಹಗ್ಗವೇ ಇರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಿಳಿಯನ್ನು ಹಿಡಿಯಲು, ಕೊಲ್ಲಲು ಬಿಡುವುದಿಲ್ಲ ಎಂಬುದನ್ನೂ ನೆನಪಿಡಿ.

ಢಂ ಎಂದು ಸಿಡಿದು ಹಕ್ಕಿ ಬೆದರಿಸುವ ಪಿವಿಸಿ ಪೈಪಿನ ಕಾರ್ಬೈಡ್ ಗನ್ ಮಾಡಿಕೊಡು ಎಂದು ಅಂಗಡಿಗೆ ಬಂದು ಕೇಳುವವರಿದ್ದಾರೆ. ಮಾಡುವುದಿಲ್ಲ. ಕಾರ್ಬೈಡಿಗೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಏಳುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಒಮ್ಮೆ ಸಿಡಿಯದೇ ಹೋದರೆ ಏನಾಯಿತೆಂದು ಪೈಪಿನೊಳಗೆ ಇಣುಕುವುದು ಮನುಷ್ಯನ ಸ್ವಭಾವ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಗಿದ್ದು ಇದರಿಂದಲೇ.

ಕಳೆದ ಹಂಗಾಮಿನಲ್ಲಿ ಬೇವಿನ ಕಡೆಯ ಮೂರು ಸಾಲು ಬಿಟ್ಟರೆ ಉಳಿದ ಬೆಳೆ ಕೈಗೆ ಬಂತು. ಪೆಟ್ಟಿಗೆಯನ್ನು ಎರಡು ದಿನಕ್ಕೊಮ್ಮೆ ಜಾಗ ಬದಲಿಸಲೇಬೇಕು. ಎಲ್ಲಿಗೆ ಎಂದು ಹೇಳುವವರು ಅಪ್ಪ. ಅಂಗಳದ ಮಂಚದಲ್ಲಿ ಕೂತು, ಹೊಲದಿಂದ ಬರುವ ತಮ್ಮದೇ ಕೂಗಿಗೆ ಗಿಳಿ ಯಾವ ಕಡೆ ಏಳುತ್ತವೆ, ಸುತ್ತಿ ಬಂದು ಎಲ್ಲಿ ಕೂರುತ್ತವೆ ಎಂದು ನೋಡುತ್ತಾರೆ. ನಿನ್ನೆ ಸಂಜೆ ಹುಣಸೆ ಮರದ ಕಡೆ ಕೈ ತೋರಿಸಿದರು.